ಒಂಬತ್ತು ಆಂಪ್ ಒಳಗೆ, ಒಂದು ಹೊರಗೆ: ಡೆನಾನ್ ಎಕ್ಸ್3800ಎಚ್ ಬೆನ್ನ ಹಿಂದಿನ ಕಥೆ

ಡೆನಾನ್ ಎವಿಆರ್-ಎಕ್ಸ್3800ಎಚ್ ಅನ್ನುವ ಹೋಮ್ ಥಿಯೇಟರ್ ರಿಸೀವರಿನ, ಅಂದರೆ ಸಿನಿಮಾದ ಶಬ್ದವನ್ನು ಹಲವು ಸ್ಪೀಕರಿಗೆ ಹಂಚಿಕೊಡುವ ಡಬ್ಬದ, ಶಬ್ದ ಹೇಗಿದೆ, ಚಿತ್ರ ಹೇಗೆ ಬರುತ್ತದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಹೊರಟಿರುವುದು ಅದರ ಬೆನ್ನಿನ ಬಗ್ಗೆ. ಈ ಡಬ್ಬ ನಮ್ಮ ಮನೆಗೆ ಬಂದು 11 ತಿಂಗಳಾಯಿತು. ಅಷ್ಟರಲ್ಲಿ ನಾನು ಅದರ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಜಾಸ್ತಿ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಟಿವಿ ಸ್ಟ್ಯಾಂಡಿನ ಹಿಂದೆ ಮಲಗಿದ್ದಾಗ ನನ್ನ ಮಗ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಇದು 2022ರಲ್ಲಿ ಬಂದ ಮಾಡೆಲ್. ಒಳಗೆ 9 ಆಂಪ್ಲಿಫೈಯರ್ ಇವೆ. ಆದರೆ ಅದರ ಮೆದುಳು 11 ಚಾನೆಲ್ ಲೆಕ್ಕ ಹಾಕಬಲ್ಲದು. ಅಂದರೆ 11 ಸ್ಪೀಕರಿಗೆ ಬೇರೆ ಬೇರೆ ಶಬ್ದ ತಯಾರು ಮಾಡುತ್ತದೆ, 9ಕ್ಕೆ ತಾನೇ ಬಲ ಕೊಡುತ್ತದೆ, ಉಳಿದ ಎರಡಕ್ಕೆ ನೀವು ಹೊರಗಿನಿಂದ ಒಂದು ಸ್ಟೀರಿಯೋ ಆಂಪ್ ತಂದು ಜೋಡಿಸಬೇಕು. ಸಬ್‌ವೂಫರಿಗೆ ನಾಲ್ಕು ಔಟ್ ಇದೆ. ಬೆನ್ನಿನ ಮೇಲೆ ಸಾಲಾಗಿ ಪ್ರೀ-ಔಟ್ ಅನ್ನುವ ತೂತುಗಳಿವೆ, ಅದೇ ನಮ್ಮ ಹಳೇ ಡಿವಿಡಿ ಪ್ಲೇಯರಿನ ಕೆಂಪು-ಬಿಳಿ ಆರ್‌ಸಿಎ ಪಿನ್ ಹೋಗುವ ತೂತು. ಹೊರಗಿನ ಆಂಪ್ ಜೋಡಿಸುವುದು ಅಲ್ಲಿಗೆ. ಸ್ಪೀಕರ್ ವೈರ್ ಕಟ್ಟುವ ಸ್ಕ್ರೂ ಟರ್ಮಿನಲ್‌ಗಳಿಗೆ ಅಲ್ಲ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರೀ-ಔಟಿನಿಂದ ಬರುವುದು ಒಂದೆರಡು ವೋಲ್ಟಿನ ಸಣ್ಣ ಸಿಗ್ನಲ್, ಅದನ್ನು ದೊಡ್ಡದು ಮಾಡುವುದು ಆಂಪಿನ ಕೆಲಸ. ಸ್ಪೀಕರ್ ಟರ್ಮಿನಲ್ಲಿನಿಂದ ಬರುವುದು ಆಗಲೇ ದೊಡ್ಡದಾದ ಶಬ್ದ. ಅದನ್ನು ಇನ್ನೊಂದು ಆಂಪಿನ ಬಾಯಿಗೆ ತುರುಕಿದರೆ ಹೊಗೆ ಬರಬಹುದು.

ತಗೊಳ್ಳುವ ಮುಂಚೆ ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ "ನಾನು ಬರುವಾಗ ಹೊತ್ತು ತರುತ್ತೇನೆ ಬಿಡೋ, ಇಲ್ಲಿ ಅಗ್ಗ" ಅಂದಿದ್ದ. ಬೇಡ ಅಂದೆ. ಅಲ್ಲಿನದು 120 ವೋಲ್ಟಿನ ಮಾಡೆಲ್. ನಮ್ಮ ಗೋಡೆಯಲ್ಲಿ ಬರುವುದು 230. ಮಧ್ಯೆ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು, ವಾರಂಟಿಯೂ ಇಲ್ಲದೆ, ಲಕ್ಷಕ್ಕೆ ಮೇಲ್ಪಟ್ಟ ಸಾಮಾನು ಓಡಿಸುವ ಧೈರ್ಯ ನನಗಿಲ್ಲ. ಇಲ್ಲೇ ಬಿಲ್ ಹಾಕಿಸಿ ತಗೊಂಡೆ.

ನಮ್ಮದು ಮೈಸೂರಿನಲ್ಲಿ ಮಹಡಿ ಮೇಲಿನ ಹಾಲ್, 12 ಅಡಿ 15 ಅಡಿ. ಮೇಲೆ ಆರ್‌ಸಿಸಿ. ಅಟ್ಮಾಸ್, ಅಂದರೆ ತಲೆ ಮೇಲಿನಿಂದಲೂ ಶಬ್ದ ಬರುವ ವ್ಯವಸ್ಥೆ, ಅದರ ಬಗ್ಗೆ ವಿಡಿಯೋ ಮಾಡುವವರೆಲ್ಲ ಚಾವಣಿಯಲ್ಲಿ ತೂತು ಕೊರೆದು ಸ್ಪೀಕರ್ ಕೂರಿಸುತ್ತಾರೆ, ಅವರದ್ದು ಜಿಪ್ಸಮ್ ಚಾವಣಿ, ನಮ್ಮದಕ್ಕೆ ಹ್ಯಾಮರ್ ಡ್ರಿಲ್ ಹಿಡಿದರೆ ಕಂಬಿ ಸಿಗುತ್ತದೆ. ಫಾಲ್ಸ್ ಸೀಲಿಂಗ್ ಮಾಡಿಸುವ ಮನಸ್ಸಿಲ್ಲದೆ, ನಾಲ್ಕು ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ತಂದು ಗೋಡೆಯ ಮೇಲ್ತುದಿಗೆ, ಚಾವಣಿಗೆ ತಾಗಿದಂತೆ, ಬ್ರಾಕೆಟ್ ಹಾಕಿ ಬಗ್ಗಿಸಿ ಕೂರಿಸಿದೆ. ಮುಂದೆ ಎರಡು, ಹಿಂದೆ ಎರಡು. ರಿಸೀವರಿನ ಮೆನುವಿನಲ್ಲಿ ಇದಕ್ಕೆ ಫ್ರಂಟ್ ಹೈಟ್, ರಿಯರ್ ಹೈಟ್ ಅಂತ ಬೇರೆ ಆಯ್ಕೆಯೇ ಇದೆ. ಸುಳ್ಳು ಹೇಳಿ ಟಾಪ್ ಫ್ರಂಟ್ (ಚಾವಣಿಯಲ್ಲೇ ಕೂರಿಸಿದ್ದು) ಅಂತ ಕೊಡಬೇಕಾಗಿಲ್ಲ. ಮಳೆ ಸುರಿಯುವ ದೃಶ್ಯದಲ್ಲಿ ನೇರ ತಲೆ ಮೇಲೆ ಬಿದ್ದ ಹಾಗೆ ಕೇಳುವುದಿಲ್ಲ ನಿಜ, ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದ ಹಾಗೆ ಕೇಳುತ್ತದೆ. ನನಗೆ ಸಾಕು.

ಮೊದಲು 5.1.4 ಹಾಕಿದ್ದೆ. ಮುಂದೆ ಮೂರು, ಪಕ್ಕಕ್ಕೆ ಎರಡು, ಮೇಲೆ ನಾಲ್ಕು, ಒಟ್ಟು 9. ನಡುವಿನ 1 ಅಂದರೆ ಬೇಸ್ ಕೊಡುವ ಸಬ್‌ವೂಫರ್, ಅದಕ್ಕೆ ಅದರದೇ ಆಂಪ್ ಇದೆ. ಒಳಗಿನ ಆಂಪ್‌ಗಳಿಗೇ ಸರಿಹೋಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅದು ಆಮೇಲೆ.

ವೈರಿನ ಕಥೆ ಮೊದಲು ಹೇಳಬೇಕು, ಯಾಕೆಂದರೆ ನನ್ನ ದುಡ್ಡು ಸುಮ್ನೆ ಹೋಗಿದ್ದು ಅಲ್ಲೇ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನಲ್ಲಿ ಒಂದು ಅಂಗಡಿಯಲ್ಲಿ 100 ಮೀಟರ್ ಸ್ಪೀಕರ್ ವೈರ್ ಸುರುಳಿ ತಗೊಂಡೆ. ಒಳಗಡೆ ತಾಮ್ರದ ಬಣ್ಣ, ಮೇಲೆ ಪಾರದರ್ಶಕ ಸಿಪ್ಪೆ, ದಪ್ಪವೂ ಇತ್ತು. ಅಂಗಡಿಯವರು "ಪ್ಯೂರ್ ಕಾಪರ್ ಸಾರ್" ಅಂದರು. ಮನೆಗೆ ತಂದು ಸಿಪ್ಪೆ ಸುಲಿದು ಒಂದೆರಡು ಎಳೆಯನ್ನು ಬೆರಳಲ್ಲಿ ಬಗ್ಗಿಸಿದೆ. ಎರಡು ಸಲಕ್ಕೇ ಪಟಕ್ ಅಂತ ಮುರಿಯಿತು. ತಾಮ್ರ ಹಾಗೆ ಮುರಿಯುವುದಿಲ್ಲ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದೆ, ಕೆಂಪು ಹೋಗಿ ಕೆಳಗೆ ಬಿಳಿ ಕಾಣಿಸಿತು. ಅಲ್ಯೂಮಿನಿಯಂ. ಮೇಲೆ ತಾಮ್ರದ ಲೇಪ ಅಷ್ಟೇ. ಅದರ ಹೆಸರು ಸಿಸಿಎ, ಪೊಟ್ಟಣದ ಮೇಲೆ ಎಲ್ಲೋ ಮೂಲೆಯಲ್ಲಿ ಸಣ್ಣಕ್ಕೆ ಆ ಮೂರು ಅಕ್ಷರ ಇದ್ದೇ ಇತ್ತು, ನಾನೇ ನೋಡಿರಲಿಲ್ಲ. ಹತ್ತಿರದ ಸ್ಪೀಕರಿಗಾದರೆ ಇದು ಕೆಲಸ ಮಾಡುತ್ತದೆ. ಆದರೆ ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಒಂದೂವರೆ ಪಟ್ಟಿಗೂ ಹೆಚ್ಚು ರೆಸಿಸ್ಟೆನ್ಸ್, ಮೇಲಾಗಿ ಸ್ಕ್ರೂ ಬಿಗಿ ಮಾಡಿದಾಗ ಎಳೆ ತುಂಡಾಗುತ್ತದೆ, ವರ್ಷ ಕಳೆದಂತೆ ಸಡಿಲವಾಗುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಇದನ್ನು ಎಳೆದು ಮುಚ್ಚಿಬಿಟ್ಟರೆ ಆಮೇಲೆ ಅಳುತ್ತಾ ಕೂರಬೇಕು. ನಾನು ಆ ಸುರುಳಿಯನ್ನು ಈಗ ಬಟ್ಟೆ ಒಣಗಿಸಲು ಕಟ್ಟಿದ್ದೇನೆ, ತಮಾಷೆಯಲ್ಲ.

ಕೊನೆಗೆ ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ 1.5 ಚದರ ಮಿಲಿಮೀಟರಿನ, ಎರಡು ಕೋರಿನ ಒಳ್ಳೇ ಕಂಪನಿಯ ತಾಮ್ರದ ವೈರ್ ತಗೊಂಡೆ. ಹೌದು, ಫ್ಯಾನಿಗೂ ಮಿಕ್ಸಿಗೂ ಹಾಕುವ ಆ ಮೆತ್ತನೆ ವೈರೇ. ಸ್ಪೀಕರಿಗೆ ಅಂತ ಬೇರೆ ದೇವರ ವೈರ್ ಇಲ್ಲ. ಲೆಕ್ಕ ಹಾಕಿ ನೋಡಿ: 1.5 ಚದರ ಮಿಲಿಮೀಟರ್ ತಾಮ್ರಕ್ಕೆ ಮೀಟರಿಗೆ ಸುಮಾರು 0.012 ಓಮ್. ಹಿಂದಿನ ಸ್ಪೀಕರಿಗೆ 10 ಮೀಟರ್ ದೂರ, ಹೋಗಿ ಬರಲು 20 ಮೀಟರ್, ಒಟ್ಟು 0.24 ಓಮ್. 8 ಓಮ್ ಸ್ಪೀಕರಿನ ಮುಂದೆ ಅದು ನೂರಕ್ಕೆ ಮೂರು. ನಮ್ಮಂಥ ಮನೆಗೆ ಇಷ್ಟು ಸಾಕು. ಸ್ಪೀಕರ್ 4 ಓಮಿನದ್ದಾಗಿದ್ದು ವೈರ್ ಉದ್ದ ಇದ್ದರೆ ಮಾತ್ರ 2.5ಕ್ಕೆ ಹೋಗಿ. ಮೀಟರಿಗೆ ಸಾವಿರಾರು ರೂಪಾಯಿಯ ವೈರ್ ಮಾರುವವರ ಮಾತು ಕೇಳಿಸಿಕೊಳ್ಳಿ, ಕಾಫಿ ಕೊಟ್ಟರೆ ಕುಡಿಯಿರಿ, ಎದ್ದು ಬನ್ನಿ.

ಈಗ ಡಬ್ಬದ ಬೆನ್ನು. ಡೆನಾನಿನವರು ಸ್ಪೀಕರ್ ಟರ್ಮಿನಲ್‌ಗಳನ್ನೆಲ್ಲ ಕೆಳಗಡೆ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ಕೆಲವು ರಿಸೀವರುಗಳಲ್ಲಿ ಮೇಲೊಂದು ಸಾಲು, ಕೆಳಗೊಂದು ಸಾಲು, ಮೇಲಿನ ವೈರ್ ಕೆಳಗಿನದರ ಮೇಲೆ ಜೋತು ಬಿದ್ದು ಕೆಳಗಿನದು ಕಾಣುವುದೇ ಇಲ್ಲ. ಇಲ್ಲಿ ಆ ಕಷ್ಟವಿಲ್ಲ. ಜೊತೆಗೆ ಬಣ್ಣದ ಸ್ಟಿಕ್ಕರುಗಳ ಒಂದು ಹಾಳೆ ಕೊಡುತ್ತಾರೆ, ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಅಂಟಿಸಿಕೊಳ್ಳಬಹುದು. "ನನಗೆ ನೆನಪಿರುತ್ತದೆ" ಅಂತ ಅಂಟಿಸದೇ ಬಿಟ್ಟವರಲ್ಲಿ ನಾನೂ ಒಬ್ಬ. ಎರಡನೇ ಸಲ ಎಲ್ಲ ಬಿಚ್ಚಿದಾಗ ಅಂಟಿಸಿದೆ. ಒಂದೇ ತೊಂದರೆ, ಟರ್ಮಿನಲ್‌ಗಳ ನಡುವೆ ಜಾಗ ಕಡಿಮೆ. ನನ್ನ ಬೆರಳು ಸ್ವಲ್ಪ ದಪ್ಪ, ಬರೀ ವೈರನ್ನು ತೂತಿಗೆ ತೂರಿಸಿ ತಿರುಗಿಸುವಷ್ಟರಲ್ಲಿ ಪಕ್ಕದ್ದು ಸಡಿಲ ಆಗುತ್ತಿತ್ತು.

ಅಲ್ಲೇ ಎಡವಟ್ಟಾಯಿತು. ಎಲ್ಲ ಕಟ್ಟಿ, ಕೈ ಒರೆಸಿಕೊಂಡು, ಹೆಂಡತಿ ಮಕ್ಕಳನ್ನು ಕರೆದು ಕೂರಿಸಿ ಆನ್ ಮಾಡಿದೆ. ಟಿಕ್ ಅಂದಿತು. ಆಫ್ ಆಯಿತು. ಮುಂದಿನ ಸಣ್ಣ ದೀಪ ಕೆಂಪಗೆ ಪಟಪಟ ಮಿಟುಕುತ್ತಿತ್ತು. ನನಗೆ ಎದೆ ಝಲ್ ಅಂತು. ಆದರೆ ಅದು ಕೆಟ್ಟಿದ್ದಲ್ಲ, ತನ್ನನ್ನು ತಾನು ಕಾಪಾಡಿಕೊಂಡಿದ್ದು. ದೀಪ ಬೇಗ ಬೇಗ, ಅಂದರೆ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಿಟುಕಿದರೆ ಎಲ್ಲೋ ಶಾರ್ಟ್ ಇದೆ ಅಥವಾ ಒಳಗೇ ಏನೋ ಕೈಕೊಟ್ಟಿದೆ ಅಂತ, ನಿಧಾನಕ್ಕೆ ಎರಡು ಸೆಕೆಂಡಿಗೊಮ್ಮೆ ಮಿಟುಕಿದರೆ ಬಿಸಿ ಜಾಸ್ತಿಯಾಗಿದೆ ಅಂತ. ಪ್ಲಗ್ಗು ಕಿತ್ತು, ಟಾರ್ಚ್ ಹಿಡಿದು ನೋಡಿದೆ. ಸೆಂಟರ್ ಸ್ಪೀಕರಿನ ವೈರಿನಿಂದ ಒಂದೇ ಒಂದು ಎಳೆ, ಕೂದಲಿನಷ್ಟು ತೆಳ್ಳಗಿನದು, ಹೊರಗೆ ಬಾಗಿ ಪಕ್ಕದ ಕಪ್ಪು ಟರ್ಮಿನಲ್ಲಿಗೆ ಮುತ್ತಿಕ್ಕುತ್ತಾ ನಿಂತಿತ್ತು. ಅದನ್ನು ಕತ್ತರಿಸಿದೆ, ಆನ್ ಮಾಡಿದೆ, ಸರಿಯಾಯಿತು. ಮರುದಿನವೇ ಹೋಗಿ ವೈರಿನ ತುದಿಗೆ ಹಾಕುವ ಬನಾನಾ ಪ್ಲಗ್ಗುಗಳನ್ನು ತಂದೆ. ಇವುಗಳಿಂದ ಶಬ್ದವೇನೂ ಉತ್ತಮವಾಗುವುದಿಲ್ಲ, ಆದರೆ ಎಳೆ ಹೊರಗೆ ಬರುವುದಿಲ್ಲ, ಬಿಚ್ಚಿ ಹಾಕುವುದು ಒಂದು ಸೆಕೆಂಡಿನ ಕೆಲಸ. ತಿಂಗಳಿಗೊಮ್ಮೆ ಏನಾದರೂ ಕೆದಕುವ ನನ್ನಂಥವನಿಗೆ ಬನಾನಾ ಇಲ್ಲದೆ ಆಗುವುದಿಲ್ಲ.

ಪ್ಲಸ್ ಮೈನಸ್ ವಿಷಯ. ಗೋಡೆಯೊಳಗೆ ವೈರ್ ಎಳೆಯಲು ಒಬ್ಬರನ್ನು ಕರೆಸಿದ್ದೆ, ಅವರು ಒಂದು ಕಡೆ ಕೆಂಪನ್ನು ಕೆಂಪಿಗೆ, ಇನ್ನೊಂದು ಕಡೆ ಕೆಂಪನ್ನು ಕಪ್ಪಿಗೆ ಕಟ್ಟಿ ಹೋಗಿದ್ದರು. ಸ್ಪೀಕರ್ ಕೆಡುವುದಿಲ್ಲ, ಶಬ್ದವೂ ಬರುತ್ತದೆ, ಆದರೆ ಒಂದು ಸ್ಪೀಕರ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಬೇಸ್ ಸತ್ತುಹೋಗುತ್ತದೆ, ಶಬ್ದ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದೆ ತಲೆ ಸುತ್ತಿದ ಹಾಗೆ ಆಗುತ್ತದೆ. ಗೋಡೆಯೊಳಗೆ ಹೋದ ವೈರನ್ನು ನೋಡುವುದು ಹೇಗೆ? ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ ಸಾಕು. ರಿಸೀವರಿನಿಂದ ವೈರ್ ಬಿಚ್ಚಿ, ಪ್ಲಸ್ ವೈರನ್ನು ಸೆಲ್ಲಿನ ಮೂತಿಗೆ, ಮೈನಸ್ಸನ್ನು ಹಿಂಭಾಗಕ್ಕೆ ಒಂದು ಕ್ಷಣ ಮುಟ್ಟಿಸಿ. ಸ್ಪೀಕರಿನ ಜಾಲರಿ ತೆಗೆದು ಇನ್ನೊಬ್ಬರು ನೋಡುತ್ತಿರಲಿ. ಕೋನ್ ಮುಂದಕ್ಕೆ ಬಂದರೆ ಸರಿ, ಹಿಂದಕ್ಕೆ ಹೋದರೆ ತಿರುವುಮುರುವು. ನಮ್ಮ ಮನೆಯಲ್ಲಿ ಮಗಳು ಸ್ಟೂಲ್ ಹತ್ತಿ "ಹೊರಗೆ, ಹೊರಗೆ, ಒಳಗೆ!" ಅಂತ ಕೂಗಿದಳು. ಒಂದು ಸಿಕ್ಕಿಬಿತ್ತು.

ಈಗ 11ಕ್ಕೆ ಹೋದ ಕಥೆಗೆ ಬರುತ್ತೇನೆ. ಸೋಫಾದ ಹಿಂದೆ ಮೂರಡಿ ಜಾಗ ಇತ್ತು, ಅಲ್ಲಿ ಎರಡು ಸ್ಪೀಕರ್ ಇಟ್ಟರೆ 7.1.4 ಆಗುತ್ತದೆ ಅಂತ ಹುಳ ಹೊಕ್ಕಿತು. ಎರಡು ಚಾನೆಲ್ ಆಂಪ್ ಬೇಕು. ಮಾವನವರ ಮನೆಯ ಅಟ್ಟದಲ್ಲಿ ಅವರ ಹಳೇ ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್ ಇತ್ತು. ಚಾನೆಲ್ಲಿಗೆ 60 ವ್ಯಾಟ್, ಹತ್ತು ಕೆಜಿಯಾದರೂ ಇದ್ದೀತು, ಮುಂದೆ ಉಕ್ಕಿನ ಹಾಗೆ ಹೊಳೆಯುವ ದೊಡ್ಡ ನಾಬ್. "ತಗೊಂಡು ಹೋಗಪ್ಪ, ಇಲ್ಲಿ ಜಿರಲೆ ಸಾಕ್ತಾ ಇದೆ" ಅಂದರು.

ಇದನ್ನು ಯಾವ ಸ್ಪೀಕರಿಗೆ ಕೊಡಬೇಕು? ಎಲ್ಲರೂ ಹೇಳುವುದು ಮುಂದಿನ ಎರಡಕ್ಕೆ ಕೊಡಿ ಅಂತ. ಹೊರಗಿನ ಆಂಪ್ ಹಾಕಿದರೆ ಶಬ್ದ ಅರಳುತ್ತದೆ, ಉಸಿರಾಡುತ್ತದೆ ಅಂತೆಲ್ಲ. ನನ್ನ ಅನುಭವ ನೇರವಾಗಿ ಹೇಳುತ್ತೇನೆ: ನನಗೆ ಏನೂ ಗೊತ್ತಾಗಲಿಲ್ಲ. ನಾನು ಕಣ್ಣು ಮುಚ್ಚಿ ಕೂತು, ಹೆಂಡತಿ ಹಿಂದೆ ವೈರ್ ಬದಲಿಸಿ, ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದು, ಹತ್ತು ಸಲ ಕೇಳಿಸಿದರೆ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ ಅಲ್ವಾ. ಕಾರಣವೂ ಸರಳ. ನನ್ನ ಮುಂದಿನ ಸ್ಪೀಕರ್ 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುತ್ತದೆ. 10 ವ್ಯಾಟಿಗೆ 97. ನಾವು ಕೂರುವುದು ಮೂರು ಮೀಟರ್ ಒಳಗೆ. ಮನೆಯಲ್ಲಿ ಸಿನಿಮಾ ನೋಡುವಾಗ ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್ ಕೂಡ ಖರ್ಚಾಗುವುದಿಲ್ಲ, ಬಾಂಬ್ ಸಿಡಿದಾಗ ಮಾತ್ರ ಕ್ಷಣಕಾಲ ಹತ್ತಾರು ವ್ಯಾಟ್. ವ್ಯಾಟ್ ದುಪ್ಪಟ್ಟಾದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಿರುವಾಗ ಡೆನಾನಿನ 105 ವ್ಯಾಟಿನ ಬದಲು ಮಾವನ ಆಂಪಿನ 60 ಹಾಕಿದರೆ ಅರಳುವುದು ಎಲ್ಲಿಂದ?

ಅಂದ ಹಾಗೆ ಆ 105 ಅನ್ನುವುದೂ ಎರಡೇ ಚಾನೆಲ್ ಓಡುತ್ತಿರುವಾಗ ಅಳೆದ ಲೆಕ್ಕ. "105 ಇಂಟು 9, ಹತ್ರ ಹತ್ರ ಸಾವಿರ ವ್ಯಾಟ್ ಸಾರ್" ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಕ್ಕುಬಿಡಿ. ಒಂಬತ್ತೂ ಒಂದೇ ಪವರ್ ಸಪ್ಲೈಯಿಂದ ನೀರು ಕುಡಿಯುತ್ತವೆ. ನಿಮ್ಮದು ದೊಡ್ಡ ಹಾಲ್ ಆಗಿದ್ದು, 4 ಓಮಿನ ಎತ್ತರದ ಸ್ಪೀಕರ್ ಇದ್ದು, ಅದೂ ಕಡಿಮೆ ಸೆನ್ಸಿಟಿವಿಟಿಯದ್ದಾಗಿದ್ದರೆ (ಒಂದು ವ್ಯಾಟಿಗೆ ಕಡಿಮೆ ಡೆಸಿಬಲ್ ಕೊಡುವಂಥದ್ದು) ಹೊರಗಿನ ಒಳ್ಳೇ ಪವರ್ ಆಂಪ್ ನಿಜಕ್ಕೂ ಬೇಕಾಗುತ್ತದೆ. ನಮ್ಮ ನಿಮ್ಮಂಥವರ ಹಾಲಿಗೆ ಹೊರಗಿನ ಆಂಪ್ ಬೇಕಾಗುವುದು ಚಾನೆಲ್ ಸಾಲದೇ ಹೋದಾಗ. ಆ ದುಡ್ಡಿಗೆ ಇನ್ನೊಂದು ಸಬ್‌ವೂಫರ್ ತಗೊಳ್ಳಿ, ಅದು ಮಕ್ಕಳಿಗೂ ಗೊತ್ತಾಗುತ್ತದೆ.

ಆದರೂ ನಾನು ಮುಂದಿನ ಎರಡಕ್ಕೇ ಕೊಟ್ಟೆ. ಕಾರಣ ಅಮ್ಮ. ಅಮ್ಮನಿಗೆ ಬೆಳಗ್ಗೆ ಆಕಾಶವಾಣಿ ಬೇಕು, 100.6. ಅದಕ್ಕೆ ಟಿವಿ, ರಿಸೀವರ್, ಮೂರು ರಿಮೋಟ್ ಅಂದರೆ ಕೈ ಮುಗಿಯುತ್ತಾಳೆ. ಮಾವನ ಆಂಪಿಗೆ ಒಂದು ಹಳೇ ಎಫ್‌ಎಂ ಟ್ಯೂನರ್ ಜೋಡಿಸಿದೆ. ಈಗ ಆಂಪ್ ಒಂದನ್ನೇ ಆನ್ ಮಾಡಿ, ಸೆಲೆಕ್ಟರನ್ನು ಟ್ಯೂನರಿಗೆ ತಿರುಗಿಸಿದರೆ ಮುಂದಿನ ಎರಡು ಸ್ಪೀಕರಿನಲ್ಲಿ ರೇಡಿಯೋ. ಸಿನಿಮಾ ನೋಡುವಾಗ ಸೆಲೆಕ್ಟರ್ ಆಕ್ಸ್‌ಗೆ. ರಿಸೀವರಿನ ಫ್ರಂಟ್ ಪ್ರೀ-ಔಟಿನಿಂದ ಆಕ್ಸ್‌ಗೆ ಆರ್‌ಸಿಎ ವೈರ್ ಬಂದಿದೆ. ಮುಂದಿನ ಸ್ಪೀಕರುಗಳ ವೈರ್ ಹೋಗುವುದು ಮಾವನ ಆಂಪಿಗೆ ಮಾತ್ರ. ರಿಸೀವರಿನ ಫ್ರಂಟ್ ಟರ್ಮಿನಲ್ ಖಾಲಿ. ಪರಿಚಯದವರೊಬ್ಬರು "ಎರಡೂ ಕಡೆಯಿಂದ ಕಟ್ಟಿಬಿಡಿ, ಯಾವುದು ಆನ್ ಇದೆಯೋ ಅದು ಓಡಿಸುತ್ತೆ" ಅಂದರು. ಬೇಡ. ಒಂದು ಸ್ಪೀಕರಿಗೆ ಎರಡು ಆಂಪಿನ ವೈರ್ ಕಟ್ಟಿದರೆ ಒಂದು ಆಂಪ್ ಇನ್ನೊಂದರ ಒಳಗೇ ಕರೆಂಟ್ ತಳ್ಳುತ್ತದೆ. ಎರಡೂ ಹೋಗಬಹುದು.

ಇನ್ನೊಂದು, ಆಕ್ಸ್ ಇಲ್ಲದಿದ್ದರೆ ಟೇಪ್, ಸಿಡಿ ಅಂತ ಬರೆದ ತೂತಿಗೂ ಹಾಕಬಹುದು, ಆದರೆ ಫೋನೋ ಅಂತ ಇರುವುದಕ್ಕೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ಮುಳ್ಳಿನಿಂದ ಬರುವ ತೀರಾ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು. ನಾನು ಕತ್ತಲಲ್ಲಿ ತಡಕಾಡಿ ಅಲ್ಲಿಗೇ ಹಾಕಿದ್ದೆ. ಗೊರಗೊರ ಅಂತ ಹರಿದುಹೋದ ಶಬ್ದ ಬಂತು, ನಾಯಿ ಎದ್ದು ಹೊರಗೆ ಹೋಯಿತು.

ಡೆನಾನಿನ ಆಂಪ್ ಅಸೈನ್ ಮೆನು ಚೆನ್ನಾಗಿದೆ. ಹೊರಗಿನ ಆಂಪಿಗೆ ಹೋಗುವ ಚಾನೆಲ್‌ಗಳು ಯಾವುವು ಅಂತ ಹೇಳಿದರೆ ಒಳಗೆ ಆ ಆಂಪ್‌ಗಳನ್ನು ಬಿಡಿಸಿ ಬೇರೆ ಚಾನೆಲ್‌ಗೆ ಕೊಡುತ್ತದೆ, ಯಾವ ಟರ್ಮಿನಲ್ಲಿಗೆ ಯಾವ ಸ್ಪೀಕರ್ ಅಂತ ಪರದೆ ಮೇಲೆ ಚಿತ್ರ ಬರೆದು ತೋರಿಸುತ್ತದೆ. ಇದನ್ನು ನೋಡದೆ ಅಂದಾಜಿನಲ್ಲಿ ಕಟ್ಟಲು ಹೋಗಬೇಡಿ.

ಇಂಟಿಗ್ರೇಟೆಡ್ ಆಂಪಿನ ದೊಡ್ಡ ತಲೆನೋವು ಅಂದರೆ ಅದಕ್ಕೂ ಒಂದು ವಾಲ್ಯೂಮ್ ಇದೆ. ಸಿನಿಮಾ ನೋಡುವಾಗ ಅದು ಪ್ರತಿಸಲ ಒಂದೇ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಮುಂದಿನ ಸ್ಪೀಕರ್ ಕಿರುಚುತ್ತವೆ ಅಥವಾ ಪಿಸುಗುಟ್ಟುತ್ತವೆ. ರಿಸೀವರಿನ ಟೆಸ್ಟ್ ಟೋನ್ ಹಾಕಿ, ಸೆಂಟರಿನಷ್ಟೇ ಜೋರಾಗಿ ಮುಂದಿನ ಎರಡೂ ಕೇಳುವವರೆಗೆ ನಾಬ್ ತಿರುಗಿಸಿದೆ, ಹತ್ತು ಗಂಟೆಯ ಮುಳ್ಳಿನ ಜಾಗಕ್ಕೆ ಬಂತು. ಅಲ್ಲಿ ಹೆಂಡತಿಯ ಹಣೆಗಿಡುವ ಕೆಂಪು ಸ್ಟಿಕ್ಕರ್ ಒಂದನ್ನು ಅಂಟಿಸಿದೆ. ಆಮೇಲೆ ಆಡಿಸಿ ಓಡಿಸಿದೆ.

ಆಡಿಸಿ ಅಂದರೆ ಮೈಕ್ ಇಟ್ಟು ಕೋಣೆ ಅಳೆಯುವ ವ್ಯವಸ್ಥೆ. ಇದರಲ್ಲಿರುವುದು ಎಕ್ಸ್‌ಟಿ32 ಅನ್ನುವ ಮೇಲಿನ ದರ್ಜೆಯದು. ಮೈಕಿನ ಜೊತೆ ರಟ್ಟಿನ ಒಂದು ಸ್ಟ್ಯಾಂಡ್ ಕೊಡುತ್ತಾರೆ, ಮಡಚಿ ಜೋಡಿಸಿದರೆ ಗೋಪುರದ ಹಾಗೆ ನಿಲ್ಲುತ್ತದೆ, ಮಕ್ಕಳಿಗೆ ಅದೇ ಇಷ್ಟವಾಯಿತು. ಎಂಟು ಜಾಗದಲ್ಲಿ ಇಟ್ಟು ಅಳೆಯಬೇಕು, ಪ್ರತಿ ಸ್ಪೀಕರಿನಿಂದ ಚ್ಯೂಯ್ ಚ್ಯೂಯ್ ಅಂತ ಸದ್ದು ಬರುತ್ತದೆ, ಆಗ ಫ್ಯಾನ್ ಆಫ್, ಕುಕ್ಕರ್ ಆಫ್, ಬೀದಿಯಲ್ಲಿ ತರಕಾರಿ ಗಾಡಿಯೂ ಇರಬಾರದು. ನಾನು ರಾತ್ರಿ ಹತ್ತರ ಮೇಲೆ ಮಾಡಿದೆ. ಮುಗಿದ ಮೇಲೆ ಮೂರು ಕಡೆ ನೋಡಿ. ಮುಂದಿನ ಸ್ಪೀಕರಿನ ಲೆವೆಲ್ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ ಹೊರಗಿನ ಆಂಪಿನ ನಾಬ್ ಜಾಸ್ತಿಯಾಗಿದೆ, ಇಳಿಸಿ ಮತ್ತೆ ಅಳೆಯಿರಿ. ಸಣ್ಣ ಸ್ಪೀಕರನ್ನೂ ಲಾರ್ಜ್ ಅಂತ ಗುರುತಿಸಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ, ಆಗ ಅದಕ್ಕಿಂತ ಕೆಳಗಿನ ಬೇಸ್ ಸಬ್ಬಿಗೆ ಹೋಗುತ್ತದೆ. ಅದಕ್ಕೂ ಮೇಲೆ ಅದೇ ಗುರುತಿಸಿದ್ದರೆ ಹಾಗೇ ಬಿಡಿ. ಸಬ್‌ವೂಫರ್ ಮೂರು ಮೀಟರ್ ದೂರದಲ್ಲಿದ್ದರೂ ಐದು ಮೀಟರ್ ಅಂತ ತೋರಿಸಿದರೆ ಗಾಬರಿಯಾಗಿ ತಿದ್ದಬೇಡಿ, ಸಬ್ಬಿನ ಒಳಗಿನ ಎಲೆಕ್ಟ್ರಾನಿಕ್ಸ್ ಮಾಡುವ ತಡವನ್ನೂ ಅದು ದೂರವಾಗಿ ಲೆಕ್ಕ ಹಾಕಿದೆ. ಸ್ಪೀಕರ್ ಫೇಸ್ ತಪ್ಪಿದೆ ಅಂತಲೂ ಕೆಲವೊಮ್ಮೆ ದೂರುತ್ತದೆ. ವೈರ್ ಸರಿಯಿದ್ದೂ ಹೇಳಿದರೆ ಸ್ಕಿಪ್ ಒತ್ತಿ ಮುಂದೆ ಹೋಗಿ. ನಾನು ಸೆಲ್ ಪರೀಕ್ಷೆ ಮಾಡಿದ್ದು ಇದು ದೂರಿದ ಮೇಲೆಯೇ.

ಸಬ್‌ವೂಫರಿಗೆ ಒಂದೇ ಆರ್‌ಸಿಎ ವೈರ್, ಎಲ್‌ಎಫ್‌ಇ ಅಂತ ಬರೆದಲ್ಲಿಗೆ. ಸಬ್ಬಿನ ಕ್ರಾಸ್‌ಓವರ್ ನಾಬ್ ಪೂರ್ತಿ ಕೊನೆಗೆ ತಿರುಗಿಸಿ, ಆ ಕೆಲಸ ರಿಸೀವರ್ ಮಾಡುತ್ತದೆ. ಅಷ್ಟೇ. ಎಚ್‌ಡಿಎಂಐ ಬಗ್ಗೆಯೂ ಹೇಳುವಂಥದ್ದೇನಿಲ್ಲ. ಆರು ಇನ್, ಮೂರು ಔಟ್, ಟಿವಿಯ ಇಎಆರ್‌ಸಿ ಎಂದು ಬರೆದ ತೂತಿಗೆ ಜೋಡಿಸಿದರೆ ಟಿವಿಯ ಆಪ್‌ಗಳ ಶಬ್ದವೂ ಬರುತ್ತದೆ.

ಗುಂಯ್ ಬಗ್ಗೆ ಮಾತ್ರ ಹೇಳಲೇಬೇಕು. ಮಾವನ ಆಂಪ್ ಜೋಡಿಸಿದ ದಿನದಿಂದ ಮುಂದಿನ ಸ್ಪೀಕರುಗಳಲ್ಲಿ ಜೇನುಗೂಡು ಇದ್ದ ಹಾಗೆ ಒಂದೇ ಸಮನೆ ಗುಂಯ್. ರಿಸೀವರಿನ ವಾಲ್ಯೂಮ್ ಇಳಿಸಿದರೂ ಹೋಗುವುದಿಲ್ಲ. ನೋಡಲು ಬಂದ ಎಲೆಕ್ಟ್ರಿಷಿಯನ್ "ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡೋಣ ಸಾರ್" ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಪಿನ್ ಇರುವುದು ನಾವು ಶಾಕ್ ಹೊಡೆದು ಸಾಯದಿರಲಿ ಅಂತ. ನಾನು ಒಂದೊಂದೇ ವೈರ್ ಕಿತ್ತು ನೋಡಿದೆ. ಪ್ರೀ-ಔಟ್ ವೈರ್ ಕಿತ್ತೆ, ಸದ್ದು ಹೋಯಿತು, ಅಂದರೆ ಆಂಪ್ ಸರಿಯಿದೆ. ಮತ್ತೆ ಹಾಕಿ, ಕೇಬಲ್ ಬಾಕ್ಸಿನ ಎಚ್‌ಡಿಎಂಐ ಕಿತ್ತೆ, ಹೋಯಿತು. ಅದನ್ನೂ ಹಾಕಿ, ಬಾಕ್ಸಿಗೆ ಕಂಬದಿಂದ ಬರುವ ಕಪ್ಪು ಕೇಬಲ್ ತಿರುಗಿಸಿ ಬಿಚ್ಚಿದೆ, ಪೂರ್ತಿ ನಿಶ್ಶಬ್ದ. ಕಳ್ಳ ಸಿಕ್ಕಿದ. ಕಂಬದಿಂದ ಬರುವ ಕೇಬಲಿನ ಹೊರಕವಚ ಎಲ್ಲೋ ಒಂದು ಕಡೆ ನೆಲಕ್ಕೆ ಸೇರಿದೆ, ಮಾವನ ಮೂರು ಪಿನ್ನಿನ ಆಂಪ್ ನಮ್ಮ ಮನೆಯ ಅರ್ಥಿಂಗ್‌ಗೆ ಸೇರಿದೆ, ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ, ಆ ಕರೆಂಟ್ ನಮ್ಮ ಆರ್‌ಸಿಎ ವೈರಿನ ಮೇಲೆ ಓಡಾಡಿ 50 ಹರ್ಟ್ಸಿನ ಹಾಡು ಹಾಡುತ್ತದೆ. ರಿಸೀವರ್ ಎರಡೇ ಪಿನ್ನಿನದು, ಅದೊಂದೇ ಇದ್ದಾಗ ಸುತ್ತು ಪೂರ್ತಿಯಾಗುತ್ತಿರಲಿಲ್ಲ, ಹಾಗಾಗಿ ಮೊದಲು ಸದ್ದಿರಲಿಲ್ಲ. ಕೇಬಲ್ಲಿಗೆ ನಡುವೆ ಸಿಕ್ಕಿಸುವ ಐಸೊಲೇಟರ್ ಅಂತ ಹೆಬ್ಬೆರಳಿನಷ್ಟು ಒಂದು ತುಂಡು ಸಿಗುತ್ತದೆ, ಕೆಲವು ನೂರು ರೂಪಾಯಿ. ಹಾಕಿದೆ. ಮುಗಿಯಿತು.

ಕರೆಂಟ್ ಹೋದಾಗ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಇವನ್ನು ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಜಿರ್ ಅನ್ನುತ್ತದೆ. ರಿಸೀವರನ್ನು ಶೋಕೇಸಿನ ಗಾಜಿನ ಒಳಗೆ ಇಡಬೇಡಿ, ಮೇಲೆ ಅರ್ಧ ಅಡಿಯಾದರೂ ಗಾಳಿ ಬೇಕು. ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸುವ ಅಭ್ಯಾಸ ನಮ್ಮ ಮನೆಯಲ್ಲೂ ಇದೆ, ಮೂರು ಸಲ ತೆಗೆದಿದ್ದೇನೆ.

ಬೇಸರದ ವಿಷಯ ಒಂದೇ. ಡಿರಾಕ್ ಅನ್ನುವ ಇನ್ನೂ ಒಳ್ಳೆಯ ಕೋಣೆ ತಿದ್ದುವ ವ್ಯವಸ್ಥೆಗೆ ಈ ಡಬ್ಬ ಸಿದ್ಧವಿದೆ, ಆದರೆ ಅದರ ಲೈಸೆನ್ಸಿಗೆ ಬೇರೆ ದುಡ್ಡು. ಆಡಿಸಿಯ ಮೊಬೈಲ್ ಆಪ್ ಕೂಡ ಪುಕ್ಕಟೆ ಅಲ್ಲ. ಇಷ್ಟು ಕೊಟ್ಟ ಮೇಲೆ ಮತ್ತೆ ಕೇಳುವುದು ಊಟದ ಬಿಲ್ಲಿನಲ್ಲಿ ಉಪ್ಪಿನಕಾಯಿಗೆ ಬೇರೆ ಹಾಕಿದ ಹಾಗೆ. ನಾನು ಇನ್ನೂ ತಗೊಂಡಿಲ್ಲ. 7 ಚಾನೆಲ್ ಸಾಕು, ಹೊರಗಿನ ಆಂಪ್ ಎಂದೂ ಜೋಡಿಸುವುದಿಲ್ಲ ಅನ್ನುವವರು ಇದಕ್ಕಿಂತ ಕೆಳಗಿನ ಮಾಡೆಲ್ ನೋಡಬಹುದು, 5.1.2ಕ್ಕೆ 7 ಚಾನೆಲ್ಲಿನದೇ ಧಾರಾಳ. ಪ್ರೀ-ಔಟ್ ಪೂರ್ತಿ ಬೇಕು, ಇವತ್ತಲ್ಲ ನಾಳೆ ಹುಳ ಹೊಕ್ಕೇ ಹೊಗುತ್ತದೆ ಅನ್ನುವವರಿಗೆ ಇದು ಸರಿಯಾದ ಡಬ್ಬ. ನಾನು ಮತ್ತೆ ತಗೊಳ್ಳಬೇಕಾದರೂ ಇದನ್ನೇ ತಗೊಳ್ಳುತ್ತೇನೆ.

ಹಳೇ ಆಂಪಿಗೆ ಟ್ರಿಗರ್ (ರಿಸೀವರ್ ಆನ್ ಆದಾಗ ತಾನೂ ಆನ್ ಆಗುವ ಸೌಲಭ್ಯ) ಇಲ್ಲ, ಹಾಗಾಗಿ ಕೈಯಲ್ಲೇ ಆನ್ ಮಾಡಬೇಕು. ಮೊದಲು ರಿಸೀವರ್, ಆಮೇಲೆ ಆಂಪ್. ಆಫ್ ಮಾಡುವಾಗ ಉಲ್ಟಾ, ಮೊದಲು ಆಂಪ್. ಇಲ್ಲದಿದ್ದರೆ ಸ್ಪೀಕರಿನಲ್ಲಿ ಧಡ್ ಅನ್ನುತ್ತದೆ. ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದೇನೆ. ಆದರೆ ಹೋದ ತಿಂಗಳು ಒಂದು ರಾತ್ರಿ ಸಿನಿಮಾ ಹಾಕಿದರೆ ಮುಂದಿನ ಎರಡು ಸ್ಪೀಕರ್ ಮಾತ್ರ ಕಿತ್ತುಹೋಗುವ ಹಾಗೆ ಕೂಗಿದವು. ಮತ್ತೆ ಟಾರ್ಚ್, ಮತ್ತೆ ಬೆನ್ನ ಹಿಂದೆ ಮಲಗಿ ಅರ್ಧ ಗಂಟೆ ವೈರ್ ನೋಡಿದೆ. ಏನೂ ಇಲ್ಲ. ಎದ್ದು ಮುಂದೆ ಬಂದು ನೋಡಿದರೆ ನಾಬ್ ಒಂದು ಗಂಟೆಯ ಜಾಗದಲ್ಲಿತ್ತು. ಬೆಳಗ್ಗೆ ವಾರ್ತೆ ಸರಿಯಾಗಿ ಕೇಳಿಸಲಿಲ್ಲ ಅಂತ ಅಮ್ಮ ತಿರುಗಿಸಿದ್ದಳು. "ನಿನ್ನ ಬೊಟ್ಟು ಎಲ್ಲಿದೆ ಅಂತ ನನಗೆ ಕನ್ನಡಕ ಇಲ್ಲದೆ ಕಾಣಲ್ಲ ಕಣೋ" ಅಂದಳು. ಈಗ ನಾಬಿನ ಸುತ್ತ ಎರಡು ಸ್ಟಿಕ್ಕರ್ ಇವೆ. ಹತ್ತು ಗಂಟೆಗೆ ಕೆಂಪು ಸಣ್ಣದು ನನ್ನದು. ಒಂದು ಗಂಟೆಗೆ ಮೆರೂನ್ ಬಣ್ಣದ ಎಂಟಾಣೆಯಷ್ಟು ದೊಡ್ಡದು, ಅಮ್ಮನೇ ತನ್ನ ಡಬ್ಬಿಯಿಂದ ತೆಗೆದು ಅಂಟಿಸಿದ್ದು.